ಗ್ಲೌಸಿನ ತೂತು: ಒಂದು ಗಾಲ್ಫ್ ಹಿಡಿತದ ಪ್ರಕರಣ

ಈ ಪ್ರಕರಣದ ಹುಡುಗನ ಹೆಸರು, ಊರು, ಅವನು ಕೆಲಸ ಮಾಡುವ ಮೈದಾನ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವನಿಗೇ ಓದಿ ತೋರಿಸಿದೆ. "ನಿಮ್ಮ ತಪ್ಪೂ ಬರೀತೀರಾ ಸಾರ್?" ಅಂತ ಕೇಳಿದ. ಬರೆದಿದ್ದೇನೆ. ಅದೇ ಇದರಲ್ಲಿ ಜಾಸ್ತಿ ಇದೆ.

ಹಿನ್ನೆಲೆ

ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟದ ಕಡೆಗೆ ಹೋಗುವಾಗ ಸಿಗುವ ಹಳ್ಳಿಗಳಲ್ಲಿ ಒಂದು ಅವನದು. ಇಪ್ಪತ್ತು ವರ್ಷ. ಮನೆಯಲ್ಲಿ ಒಂದೂವರೆ ಎಕರೆ ದ್ರಾಕ್ಷಿ ಚಪ್ಪರ, ಎರಡು ಸೀಮೆ ಹಸು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬೈಕ್ ಹತ್ತಿ ಗಾಲ್ಫ್ ಮೈದಾನಕ್ಕೆ ಹೋಗುತ್ತಾನೆ. ಅಲ್ಲಿ ಕ್ಯಾಡಿ ಕೆಲಸ. ಆಟಗಾರರ ಬ್ಯಾಗ್ ಎಳೆಯುವುದು, ಚೆಂಡು ಎಲ್ಲಿ ಬಿತ್ತು ನೋಡುವುದು, ಯಾವ ಕ್ಲಬ್, ಅಂದರೆ ಹೊಡೆಯುವ ಕೋಲು, ತೆಗೆಯಬೇಕು ಅಂತ ಹೇಳುವುದು. ವಾರಕ್ಕೊಂದು ದಿನ ಕ್ಯಾಡಿಗಳಿಗೂ ಆಡಲು ಬಿಡುತ್ತಾರೆ. ಹಾಗೆ ಹಿಡಿದ ಹುಚ್ಚು.

ನಮ್ಮ ಕಡೆ ಗಾಲ್ಫ್ ಅಂದರೆ ಜನ ನಗುತ್ತಾರೆ, ಸಾಹುಕಾರರ ಆಟ ಅಂತ. ಆದರೆ ಹಳೇ ಕೋಲಾರ ಜಿಲ್ಲೆಗೆ ಇದು ಹೊಸದೇನಲ್ಲ. 2007ರವರೆಗೆ ಚಿಕ್ಕಬಳ್ಳಾಪುರವೂ ಅದೇ ಜಿಲ್ಲೆಯಲ್ಲಿತ್ತು, ಅಲ್ವಾ? ಕೆಜಿಎಫ್‌ನಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ ಬ್ರಿಟಿಷರು ಗಣಿ ಪಕ್ಕದಲ್ಲೇ ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಈಗಿನ ಹುಡುಗರಿಗೆ ಆ ಕಥೆ ಬೇಡ. ಬಿಡದಿ ಕಡೆಯ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದ ಎಸ್. ಚಿಕ್ಕರಂಗಪ್ಪ ಗೊತ್ತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಬೆಂಗಳೂರಿನ ಅದಿತಿ ಅಶೋಕ್ ಗೊತ್ತು. ಅಷ್ಟು ಸಾಕು ಕನಸು ಕಾಣಲು.

ಇವನ ಕನಸು ಚಿಕ್ಕದು. ಕ್ಯಾಡಿಗಳ ಟೂರ್ನಿಯಲ್ಲಿ ಮಾನ ಉಳಿಸಿಕೊಳ್ಳಬೇಕು. ಅದಕ್ಕೆ ನಾನು ಗಾಲ್ಫ್ ಕಲಿಸುವ ರೇಂಜಿಗೆ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿಗೆ, ಬಂದ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಆಟ ಗೊತ್ತಿರುವುದಿಲ್ಲ, ದುಡ್ಡು ಇರುತ್ತದೆ. ಇವನಿಗೆ ಉಲ್ಟಾ. ಹಾಗಾಗಿ ಫೀಸ್ ಮಾತು ಎತ್ತಲಿಲ್ಲ. ಅವನು ಮಾತ್ರ ಸುಮ್ಮನಿರಲಿಲ್ಲ. ಮೊದಲ ದಿನವೇ ಒಂದು ಚೀಲ ದ್ರಾಕ್ಷಿ ತಂದಿಟ್ಟ.

ತೊಂದರೆ ಏನಿತ್ತು

ಸ್ಲೈಸ್. ಬಲಗೈಯಲ್ಲಿ ಆಡುವವರು ಹೊಡೆದ ಚೆಂಡು ಬಲಕ್ಕೆ ಬಾಗಿ ಹೋಗುವುದು. ಇವನದು ಸಣ್ಣ ಬಾಗಲ್ಲ, ಕುಡುಗೋಲು. ಎಡಗಡೆಗೆ ಹೊರಟ ಚೆಂಡು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ ಹಾಗೆ ಬಲಕ್ಕೆ ತಿರುಗಿ ನೀಲಗಿರಿ ತೋಪಿಗೆ ಬೀಳುತ್ತಿತ್ತು. "ತೋಪಿಗೆ ಗೊಬ್ಬರ ಹಾಕ್ತಾ ಇದೀನಿ ಸಾರ್" ಅಂತ ಅವನೇ ನಗುತ್ತಿದ್ದ. ಡ್ರೈವರ್, ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್, ತೆಗೆದರೆ ಹತ್ತರಲ್ಲಿ ಏಳು ಗೊಬ್ಬರ.

ಚೆಂಡಿಗೆ ಕ್ಲಬ್ ತಾಗಿರುವ ಸಮಯ ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು. ಅಷ್ಟರಲ್ಲಿ ಕ್ಲಬ್ಬಿನ ಮುಖ, ಅಂದರೆ ಚೆಂಡಿಗೆ ತಾಗುವ ಚಪ್ಪಟೆ ಭಾಗ, ಯಾವ ಕಡೆ ನೋಡುತ್ತಿದೆಯೋ ಚೆಂಡು ಹೆಚ್ಚುಕಮ್ಮಿ ಆ ಕಡೆಗೇ ಹೊರಡುತ್ತದೆ. ಕ್ಲಬ್ ಬೀಸಿ ಬಂದ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಬಲಕ್ಕೆ ತಿರುಗುತ್ತದೆ. ತಿರುಗುವುದು ಆಮೇಲಿನ ಮಾತು. ಹೊರಡುವ ದಿಕ್ಕೇ ಐದು ಡಿಗ್ರಿ ತಪ್ಪಿದರೆ ಇನ್ನೂರು ಮೀಟರ್ ದೂರದಲ್ಲಿ ಹದಿನೇಳು ಮೀಟರ್ ಪಕ್ಕಕ್ಕೆ. ಆ ಮುಖವನ್ನು ತಿರುಗಿಸುವುದು ಕೈ. ದೇಹಕ್ಕೂ ಕ್ಲಬ್ಬಿಗೂ ಇರುವ ನಂಟು ಅದೊಂದೇ.

ಇದು ನನಗೆ ಗೊತ್ತಿತ್ತು. ಆದರೂ ಆರು ವಾರ ಬೇರೆ ಕಡೆ ಹುಡುಕಿದೆ.

ಆರು ವಾರ

ಮೊದಲ ದಿನ ಅವನ ಹಿಡಿತ ನೋಡಿದೆ. ಹತ್ತು ಸೆಕೆಂಡ್. ಚಿತ್ರದಲ್ಲಿದ್ದ ಹಾಗೇ ಇತ್ತು. ದಿನಾ ಒಳ್ಳೆ ಆಟಗಾರರ ಪಕ್ಕ ನಿಲ್ಲುವ ಹುಡುಗ, ನೋಡಿ ಕಲಿತಿದ್ದಾನೆ ಅಂದುಕೊಂಡೆ. "ಕೈ ಸರಿ ಇದೆ" ಅಂದುಬಿಟ್ಟೆ. ಆ ಮೂರು ಪದ ಆಮೇಲೆ ನಮ್ಮಿಬ್ಬರಿಗೂ ಅಡ್ಡ ಬಂತು. ಮೇಷ್ಟ್ರು ಸರಿ ಅಂದಮೇಲೆ ಶಿಷ್ಯ ಅದನ್ನು ಮತ್ತೆ ಮುಟ್ಟುವುದಿಲ್ಲ. ಮೇಷ್ಟ್ರೂ ಮುಟ್ಟುವುದಿಲ್ಲ.

ಪಾದ ಎಡಕ್ಕೆ ತಿರುಗಿತ್ತು. ಚೆಂಡು ಬಲಕ್ಕೆ ಹೋಗುತ್ತದೆ ಅಂತ ಗೊತ್ತಾದಾಗ ಎಲ್ಲರೂ ಮಾಡುವ ಕೆಲಸ ಅದು, ಎಡಕ್ಕೆ ಗುರಿ ಇಡುವುದು. ಗುರಿ ಎಡಕ್ಕಿಟ್ಟಷ್ಟೂ ಕ್ಲಬ್ ಹೊರಗಿನಿಂದ ಒಳಕ್ಕೆ, ಮೈ ಕಡೆಗೆ, ಬರುತ್ತದೆ, ಸ್ಲೈಸ್ ಇನ್ನೂ ಜಾಸ್ತಿಯಾಗುತ್ತದೆ. ನೆಲದ ಮೇಲೆ ಕಡ್ಡಿ ಇಟ್ಟು ಪಾದ ನೆಟ್ಟಗೆ ಮಾಡಿಸಿದೆ. ನಾಲ್ಕು ಚೆಂಡು ನೆಟ್ಟಗೆ ನಿಂತು ಹೊಡೆದ, ಐದನೆಯದಕ್ಕೆ ಪಾದ ತಾನಾಗೇ ಎಡಕ್ಕೆ. ಚೆಂಡಿಡುವ ಜಾಗ ಬದಲಿಸಿದೆವು. ಟೀ, ಅಂದರೆ ಚೆಂಡು ಕೂರಿಸುವ ಮೊಳೆ, ಅದರ ಎತ್ತರ ಬದಲಿಸಿದೆವು. ಅವನು ರಾತ್ರಿ ಫೋನಿನಲ್ಲಿ ವಿಡಿಯೋ ನೋಡಿ ಬೆಳಿಗ್ಗೆ ಹೊಸದೊಂದು ಸೊಂಟ ತಿರುಗಿಸುವ ವಿದ್ಯೆ ತರುತ್ತಿದ್ದ. ಯಾರದೋ ಹೊಸ ಡ್ರೈವರ್ ಒಂದು ವಾರಕ್ಕೆ ಇಸ್ಕೊಂಡು ಬಂದ. ಅದರಲ್ಲೂ ಕುಡುಗೋಲೇ, ಸ್ವಲ್ಪ ದೊಡ್ಡ ಕುಡುಗೋಲು.

ಈಗ ನನ್ನ ನೋಟ್‌ಬುಕ್ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಆರು ವಾರದಲ್ಲಿ ಹನ್ನೊಂದು ಬದಲಾವಣೆ. ಕೈ ಬಗ್ಗೆ ಒಂದು ಸಾಲೂ ಇಲ್ಲ.

ಗ್ಲೌಸ್

ಮಾರ್ಚ್ ತಿಂಗಳು. ಬೆವರಿನಲ್ಲಿ ನೆಂದ ಗ್ಲೌಸನ್ನು ಅವನು ಬೈಕಿನ ಕನ್ನಡಿಗೆ ಸಿಕ್ಕಿಸಿ ಒಣಗಲು ಬಿಟ್ಟಿದ್ದ. ಬಲಗೈ ಆಟಗಾರರು ಎಡಗೈಗೆ ಹಾಕುವ ಗ್ಲೌಸ್. ಪಕ್ಕದಲ್ಲಿ ಹಾದು ಹೋಗುವಾಗ ಕಣ್ಣಿಗೆ ಬಿತ್ತು. ಅಂಗೈ ಬುಡದಲ್ಲಿ, ಕಿರುಬೆರಳಿನ ಕೆಳಗಿನ ದಪ್ಪ ಭಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ತೂತು. ಬೆರಳುಗಳ ಕಡೆ ಮಾತ್ರ ಅಂಗಡಿಯಿಂದ ತಂದ ದಿನದ ಹಾಗಿತ್ತು.

"ಎಷ್ಟು ದಿನ ಆಯ್ತೋ ಇದನ್ನ ತಗೊಂಡು?"

"ತಿಂಗಳೂ ಆಗಿಲ್ಲ ಸಾರ್. ಹೋದ ಸಲದ್ದೂ ಅಲ್ಲೇ ಹರಿದಿತ್ತು. ಕಳಪೆ ಮಾಲು."

ಮಾಲು ಚೆನ್ನಾಗೇ ಇತ್ತು. ಗ್ಲೌಸ್ ಎಲ್ಲಿ ಸವೆಯುತ್ತದೋ ಅಲ್ಲಿ ಕ್ಲಬ್ ಜಾರುತ್ತಿದೆ ಅಂತ ಅರ್ಥ. ಎಡಗೈಯಲ್ಲಿ ಕ್ಲಬ್ ಬೆರಳುಗಳಲ್ಲಿ ಕೂರಬೇಕು. ಇವನದು ಅಂಗೈಯಲ್ಲಿ ಕೂರುತ್ತಿತ್ತು, ಪ್ರತಿ ಹೊಡೆತಕ್ಕೂ ಅಲ್ಲಿ ಉಜ್ಜುತ್ತಿತ್ತು.

ಕೈ ತೋರಿಸು ಅಂದೆ. ಗುದ್ದಲಿ ಹಿಡಿದು ಅಂಗೈ ತುಂಬ ದಡ್ಡು. ಗುದ್ದಲಿಯನ್ನು ಹಿಡಿಯುವುದೇ ಅಂಗೈ ತುಂಬ, ಬಿಗಿಯಾಗಿ. ಅದರಲ್ಲಿ ತಪ್ಪೇನಿಲ್ಲ, ಗುದ್ದಲಿಗೆ ಮಣಿಕಟ್ಟು ಮಡಚುವ ಕೆಲಸ ಕಮ್ಮಿ. ಗಾಲ್ಫಿನಲ್ಲಿ ಮಣಿಕಟ್ಟು ಮಡಚಿ ಬಿಚ್ಚದಿದ್ದರೆ ಕ್ಲಬ್ಬಿನ ಮುಖ ಚೆಂಡಿನ ಹತ್ತಿರ ಬರುವಷ್ಟರಲ್ಲಿ ನೆಟ್ಟಗಾಗುವುದೇ ಇಲ್ಲ. ಜೊತೆಗೆ ಊರಿನ ಟೆನಿಸ್ ಬಾಲ್ ಕ್ರಿಕೆಟ್ಟು. ಅಲ್ಲಿ ಬಲಗೈ ಕೆಳಗಿಟ್ಟು ಎತ್ತಿ ಹೊಡೆಯುವ ಅಭ್ಯಾಸ.

ಹಾಗಾದರೆ ಮೊದಲ ದಿನ ಸರಿ ಕಂಡಿದ್ದೇಕೆ? ಈ ಸಲ ಹಿಂದೆ ನಿಂತು, ನೋಡುತ್ತಿದ್ದೇನೆ ಅಂತ ಗೊತ್ತಾಗದ ಹಾಗೆ ನೋಡಿದೆ. ಚೆಂಡಿನ ಮುಂದೆ ನಿಂತಾಗ ಚಿತ್ರದ ಹಿಡಿತ. ಆಮೇಲೆ ಕ್ಲಬ್ಬನ್ನು ಎರಡು ಸಲ ಅಲ್ಲಾಡಿಸುತ್ತಾನೆ. ಎರಡನೇ ಸಲಕ್ಕೆ ಎಡಗೈ ಮೆಲ್ಲಗೆ ಎಡಕ್ಕೆ ಹೊರಳಿ ಕ್ಲಬ್ ಅಂಗೈಗೆ ಇಳಿಯುತ್ತದೆ. ಅವನಿಗೇ ಗೊತ್ತಿಲ್ಲ. ನಾನು ನೋಡಿದ್ದು ಫೋಟೋಗೆ ನಿಂತ ಕೈ, ಹೊಡೆಯುವ ಕೈ ಬೇರೆಯೇ ಇತ್ತು.

ಹಿಡಿತ ಬದಲಿಸಿದ್ದು

ಎಡಗೈ ಮೊದಲು. ಕ್ಲಬ್ಬಿನ ಹಿಡಿ ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ ಕೂರಬೇಕು. ಅಂಗೈ ಬುಡದ ದಪ್ಪ ಭಾಗ ಹಿಡಿಯ ಮೇಲೆ ಕೂರಬೇಕು, ಪಕ್ಕಕ್ಕಲ್ಲ. ಪರೀಕ್ಷೆ ಸುಲಭ. ತೋರುಬೆರಳನ್ನು ಕೊಕ್ಕೆ ಮಾಡಿ, ಉಳಿದ ಬೆರಳು ಬಿಚ್ಚಿ, ಆ ಕೊಕ್ಕೆ ಮತ್ತು ಅಂಗೈ ಬುಡ ಎರಡರಲ್ಲೇ ಕ್ಲಬ್ ಎತ್ತು. ನಿಂತರೆ ಸರಿ. ಅವನದು ದಪ್ಪಂತ ಬಿತ್ತು, ಪಾದದ ಮೇಲೆ.

ಆಮೇಲೆ ಗೆಣ್ಣು ಲೆಕ್ಕ. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಎರಡೂವರೆ ಆದರೂ ಪರವಾಗಿಲ್ಲ. ಇವನಿಗೆ ಒಂದೂ ಕಾಣುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ನೋಡಬೇಕು, ಇವನದು ಎಡಗೆನ್ನೆ ನೋಡುತ್ತಿತ್ತು. ಬಲಗೈ ಮೇಲೆ ಬಂದು ಎಡ ಹೆಬ್ಬೆರಳನ್ನು ಅಂಗೈಯ ಗೆರೆಯಿಂದ ಮುಚ್ಚಬೇಕು.

ಎರಡು ಕೈ ಸೇರಿಸುವ ರೀತಿಗೆ ಸ್ವಲ್ಪ ಚರ್ಚೆಯಾಯಿತು. ಬಲ ಕಿರುಬೆರಳನ್ನು ಎಡಗೈಯ ತೋರುಬೆರಳು, ನಡುಬೆರಳಿನ ಸಂದಿಯ ಮೇಲೆ ಕೂರಿಸುವುದು ಒಂದು ರೀತಿ. ಓಪನ್ ಚಾಂಪಿಯನ್‌ಷಿಪ್ಪನ್ನು ಆರು ಸಲ ಗೆದ್ದ ಹ್ಯಾರಿ ವಾರ್ಡನ್ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಇನ್ನೊಂದು, ಆ ಕಿರುಬೆರಳನ್ನೂ ಎಡ ತೋರುಬೆರಳನ್ನೂ ಹೆಣೆಯುವುದು. ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಹೆಣೆಯುವವರು. ಹುಡುಗನ ಕೈ ಚಿಕ್ಕದು, ಬೆರಳು ಮೋಟು. ಹೆಣೆಯುವುದೇ ವಾಸಿ ಅಂದೆ. ವುಡ್ಸ್ ಹೆಸರು ಕೇಳಿ ಅವನಿಗೂ ಖುಷಿ. ಆದರೆ ಬೆರಳನ್ನು ಬುಡದವರೆಗೆ ತುರುಕಿದರೆ ಕ್ಲಬ್ ಮತ್ತೆ ಅಂಗೈಗೇ ಇಳಿಯುತ್ತದೆ. ಅದಕ್ಕೇ ಒಂದು ಗೆಣ್ಣಿನಷ್ಟು ಮಾತ್ರ ಹೆಣೆಸಿದೆ.

ಹನ್ನೆರಡು ದಿನ

ಮೊದಲ ಮೂವತ್ತು ಚೆಂಡು ಎಡಕ್ಕೆ ಹೋದವು. ಅದೂ ಕೆಟ್ಟದಾಗಿ, ನೆಲ ಕಚ್ಚಿಕೊಂಡು.

ಇಲ್ಲಿ ನನ್ನ ದೊಡ್ಡ ತಪ್ಪು. ಹೀಗಾಗುತ್ತದೆ ಅಂತ ನನಗೆ ಗೊತ್ತಿತ್ತು. ತೆರೆದ ಮುಖಕ್ಕೆ ಅವನ ಮೈ ಎರಡು ವರ್ಷದಿಂದ ಉಪಾಯ ಮಾಡಿಕೊಂಡಿತ್ತು. ಪಾದ ಎಡಕ್ಕೆ, ಭುಜ ಎಡಕ್ಕೆ, ಬೀಸು ಎಡಕ್ಕೆ. ಈಗ ಮುಖ ನೆಟ್ಟಗಾಯಿತು, ಉಪಾಯ ಹಾಗೇ ಉಳಿಯಿತು. ಚೆಂಡು ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅಂದರೆ ಹಿಡಿತ ಸರಿಯಾಯಿತು ಅನ್ನುವುದಕ್ಕೆ ಅದೇ ಸಾಕ್ಷಿ. ಇದನ್ನು ಅವನಿಗೆ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. "ಮಾಡ್ತಾ ಮಾಡ್ತಾ ಸರಿ ಹೋಗ್ತದೆ" ಅಂದೆ. ಈ ಮಾತು ಕೇಳಿ ಎಷ್ಟು ಜನ ಆಟ ಬಿಟ್ಟಿದ್ದಾರೋ.

ಅವನು ಬರುವುದು ನಿಲ್ಲಿಸಿದ. ಫೋನ್ ಎತ್ತಲಿಲ್ಲ. ಹನ್ನೆರಡನೇ ದಿನ ಸಂಜೆ ಅವರ ಮನೆಗೇ ಹೋದೆ. ಅವರಮ್ಮ ಬಾಗಿಲಲ್ಲಿದ್ದರು. "ಅದ್ಯಾವ್ದೋ ಕೋಲು ಹಿಡಿಯೋದು ತಪ್ಪಾಯ್ತಂತೆ ಸಾಮಿ. ಮುಖ ಊದಿಸ್ಕೊಂಡವ್ನೆ. ಕೊಟ್ಟಿಗೆಲವ್ನೆ ನೋಡಿ" ಅಂದರು.

ಹಾಲು ಕರೆಯುತ್ತಿದ್ದ. ನನ್ನನ್ನು ನೋಡಿ ಎದ್ದೇಳಲು ಹೋದ, ಬೇಡ ಅಂದೆ. ಬಕೆಟ್ಟಿಗೆ ಹಾಲು ಸರ್ ಸರ್ ಅಂತ ಬೀಳುತ್ತಿತ್ತು, ಲಯ ತಪ್ಪದೆ. ಮೊಣಕೈ ಸಡಿಲ, ಭುಜ ಸಡಿಲ. ರೇಂಜಿನಲ್ಲಿ ಕ್ಲಬ್ ಹಿಡಿದಾಗ ಮುಂಗೈ ನರ ಎದ್ದು ನಿಲ್ಲುವ ಹುಡುಗ ಇವನೇನಾ ಅನ್ನಿಸಿತು.

"ಇನ್ನೂ ಬಿಗಿಯಾಗಿ ಹಿಡಿದ್ರೆ ಬೇಗ ಮುಗಿಯಲ್ವೇನಪ್ಪಾ?"

"ಒದೀತದೆ ಸಾರ್."

"ಸಡಿಲ ಬಿಟ್ರೆ?"

"ಹಾಲೇ ಇಳಿಯಲ್ಲ."

ಅಷ್ಟೇ ಮಾತು. ಆಮೇಲೆ ಕೊಟ್ಟಿಗೆಯಲ್ಲೇ ಕೂತು ಚೆಂಡು ಯಾಕೆ ಎಡಕ್ಕೆ ಹೋಯಿತು ಅಂತ ಕಡ್ಡಿಯಲ್ಲಿ ನೆಲದ ಮೇಲೆ ಬರೆದು ಹೇಳಿದೆ. ಎರಡು ವಾರ ತಡವಾಗಿ. ಅವನು ಬರೆದದ್ದನ್ನೇ ನೋಡುತ್ತಾ, "ಮೊದ್ಲೇ ಹೇಳಿದ್ರೆ ಬರ್ತಿದ್ದೆ ಸಾರ್" ಅಂದ.

ಅಲ್ಲೇ ಒಂದು ತೀರ್ಮಾನಕ್ಕೆ ಬಂದೆವು. ಮೂರು ವಾರ ಚೆಂಡು ಮುಟ್ಟುವುದಿಲ್ಲ. ಮುರಿದ ಕ್ಲಬ್ಬೊಂದರ ಹಿಡಿಯ ಕಡೆ ತುದಿಯನ್ನು ಒಂದು ಮೊಳ ಕತ್ತರಿಸಿ ಕೊಟ್ಟೆ. ಅದು ಅವನ ಬೈಕಿನ ಬ್ಯಾಗಿನಲ್ಲಿ ಇರುತ್ತಿತ್ತು. ಡೈರಿ ಕ್ಯೂನಲ್ಲಿ ಕ್ಯಾನ್ ಪಕ್ಕಕ್ಕಿಟ್ಟು ಅದನ್ನು ಹಿಡಿಯುವುದು, ಬಿಡುವುದು, ಹಿಡಿಯುವುದು. ಎಡಗೈಯ ಕೊನೇ ಮೂರು ಬೆರಳಲ್ಲಿ ಬಿಗಿ, ಉಳಿದದ್ದು ಕೆಚ್ಚಲಿನ ಲೆಕ್ಕ. ಡೈರಿ ಸೆಕ್ರೆಟರಿ ಇದೇನು ಪೂಜಾರಿ ಕೋಲಾ ಅಂತ ಕೇಳಿದರಂತೆ.

ಇನ್ನೊಂದು ಗಂಟು

ಮೂರು ವಾರ ಆದಮೇಲೆ ಬಂದ. ಮೊಳದ ತುಂಡನ್ನು ಕಣ್ಣು ಮುಚ್ಚಿ ಕೊಟ್ಟರೂ ಕೈ ಸರಿಯಾಗಿ ಕೂರುತ್ತಿತ್ತು. ಅವನ ಸ್ವಂತ ಸೆವೆನ್ ಐರನ್, ಅಂದರೆ ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್, ಕೊಟ್ಟೆ. ಅದೇ ಕ್ಷಣ ಕ್ಲಬ್ ಅಂಗೈಗೆ ವಾಪಸ್. ಮತ್ತೆ ತುಂಡು, ಸರಿ. ಮತ್ತೆ ಐರನ್, ತಪ್ಪು.

ನನಗೆ ಮೊದಲು ಬಂದದ್ದು ಸಿಟ್ಟು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದ ಮೇಲೆ ಬಂದದ್ದು ಬೇರೆ. ಅವನ ಕ್ಲಬ್ಬಿನ ಹಿಡಿ ತುಂಡಿಗಿಂತ ದಪ್ಪ. ಸ್ವಲ್ಪ ಅಲ್ಲ, ಒನಕೆ. ಎಡಗೈಯಲ್ಲಿ ಹಿಡಿದಾಗ ನಡುಬೆರಳಿನ ತುದಿ ಹೆಬ್ಬೆರಳಿನ ಬುಡದ ಮಾಂಸಕ್ಕೆ ಹಗುರಾಗಿ ತಾಗಿದರೆ ಅಳತೆ ಸರಿ. ಇವನಿಗೆ ಬೆರಳು ಹೋಗುವಷ್ಟು ಸಂದು ಉಳಿಯುತ್ತಿತ್ತು. ಬೆರಳಲ್ಲಿ ಸುತ್ತಲು ಆಗದ ಕೋಲನ್ನು ಯಾರಾದರೂ ಅಂಗೈಯಲ್ಲೇ ಹಿಡಿಯುತ್ತಾರೆ. ಹಿಡಿ ದಪ್ಪವಾದಷ್ಟೂ ಮಣಿಕಟ್ಟಿನ ಆಟ ಕಮ್ಮಿಯಾಗುತ್ತದೆ, ಸ್ಲೈಸ್ ಜಾಸ್ತಿಯಾಗುತ್ತದೆ.

ಆ ಸೆಟ್ಟು ಯಾರೋ ದೊಡ್ಡ ಕೈಯ ಆಟಗಾರರು ಹೊಸದು ತಗೊಂಡಾಗ ಇವನಿಗೆ ಕೊಟ್ಟದ್ದು. ಒಳ್ಳೆ ಮನಸ್ಸಿಂದಲೇ ಕೊಟ್ಟಿದ್ದರು.

ಬ್ಲೇಡ್ ಹಾಕಿ ಹಿಡಿಯ ರಬ್ಬರ್ ಹೊದಿಕೆ, ಅಂದರೆ ಗ್ರಿಪ್, ಸೀಳಿದೆವು. ಒಳಗೆ ಕಾಗದದ ಟೇಪು. ಅದನ್ನು ಕಿತ್ತರೆ ಇನ್ನೊಂದು ಪದರ, ಅದರಡಿ ಇನ್ನೊಂದು. ಈರುಳ್ಳಿ ಬಿಡಿಸಿದ ಹಾಗೆ ಏಳು ಪದರ. ಕೊನೆಯದು ಕಂದು ಬಣ್ಣಕ್ಕೆ ತಿರುಗಿ ಉಗುರಿಗೆ ಪುಡಿ ಪುಡಿಯಾಗಿ ಬಂತು. ಮೊದಲ ಕ್ಲಬ್ ಕಿತ್ತು ಮುಗಿಸುವಷ್ಟರಲ್ಲಿ ಅರ್ಧ ಗಂಟೆ. ಹುಡುಗ ಒಂದು ಮಾತೂ ಆಡದೆ ಕಿತ್ತ ಟೇಪನ್ನು ಉಂಡೆ ಕಟ್ಟುತ್ತಿದ್ದ. ನಿಂಬೆಹಣ್ಣಿನಷ್ಟು ಉಂಡೆಯಾಯಿತು.

ಹೊಸ ಗ್ರಿಪ್ ಬೆಂಗಳೂರಿನಿಂದ ತರಿಸಿದೆವು, ಮಾಮೂಲಿ ಅಳತೆಯದ್ದು. ಹಾಕುವುದು ಊರಲ್ಲೇ ಆಯಿತು. ಎರಡೂ ಕಡೆ ಅಂಟುವ ಟೇಪ್ ಒಂದೇ ಪದರ, ಪೇಂಟ್ ಅಂಗಡಿಯ ಟರ್ಪೆಂಟೈನ್ ಸುರಿದು ಒದ್ದೆ ಮಾಡಿ, ಒಂದೇ ಏಟಿಗೆ ಗ್ರಿಪ್ ಒಳಕ್ಕೆ ತಳ್ಳಬೇಕು. ಮಧ್ಯದಲ್ಲಿ ನಿಂತರೆ ಮುಗಿಯಿತು. ಸೀಮೆಎಣ್ಣೆ ಹಾಕಬಾರದು, ಜಿಡ್ಡು ಉಳಿದು ಗ್ರಿಪ್ ತಿರುಗುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟೆವು.

ಏನಾಯಿತು

ಮಾಯ ಮಂತ್ರ ಏನೂ ಆಗಲಿಲ್ಲ. ಪಾದ, ಭುಜದ ಹಳೇ ಉಪಾಯ ಬಿಡಿಸಲು ಇನ್ನೂ ಎರಡು ತಿಂಗಳು ಹಿಡಿಯಿತು. ಆದರೆ ಈ ಸಲ ನೆಲದ ಮೇಲೆ ಕಡ್ಡಿ ಇಟ್ಟರೆ ಪಾದ ಕಡ್ಡಿಯ ಮಾತು ಕೇಳುತ್ತಿತ್ತು. ಎಡಕ್ಕೆ ತಿರುಗಲು ಅದಕ್ಕೆ ಕಾರಣವೇ ಉಳಿದಿರಲಿಲ್ಲ. ಹತ್ತರಲ್ಲಿ ಏಳು ಗೊಬ್ಬರವಾಗುತ್ತಿದ್ದ ಡ್ರೈವ್ ಹತ್ತರಲ್ಲಿ ಎರಡಕ್ಕೆ ಇಳಿಯಿತು. ಸೆವೆನ್ ಐರನ್ ಮೊದಲಿಗಿಂತ ಒಂದು ಕ್ಲಬ್ಬಿನಷ್ಟು ದೂರ, ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡ ಕ್ಲಬ್ ಹೊಡೆಯುವಷ್ಟು ದೂರ, ಹೋಗತೊಡಗಿತು.

ಕ್ಯಾಡಿಗಳ ಟೂರ್ನಿಯಲ್ಲಿ ಗೆಲ್ಲಲಿಲ್ಲ. ಆಟ ಶುರುಮಾಡುವ ಜಾಗ, ಮೊದಲ ಟೀಯಲ್ಲಿ, ಜನ ನೋಡುತ್ತಿದ್ದಾರೆ ಅಂತ ಕೈ ಬಿಗಿಯಾಗಿ, ಹಳೇ ಹಿಡಿತ ಬಂದು, ಚೆಂಡು ಬಲಕ್ಕೆ ಹೋಯಿತು. ಎರಡನೇ ಹೋಲಿನಲ್ಲಿ ಕ್ಲಬ್ ತೆಗೆಯುವ ಮೊದಲು ಕೈ ಜೋಲು ಬಿಟ್ಟು ನಿಂತ. ಏನು ಯೋಚನೆ ಮಾಡಿದೆ ಅಂತ ಆಮೇಲೆ ಕೇಳಿದರೆ "ಹಸು" ಅಂದ. ಉಳಿದ ಆಟ ಮಾನವಾಗಿ ಆಡಿದ.

ನಾನು ಬದಲಿಸಿಕೊಂಡದ್ದು

ಈಗ ಯಾರೇ ಬರಲಿ, ಮೊದಲು ಹಳೇ ಗ್ಲೌಸ್ ತನ್ನಿ ಅನ್ನುತ್ತೇನೆ. ಕೆಲವರು ವಿಚಿತ್ರವಾಗಿ ನೋಡುತ್ತಾರೆ, ಪರವಾಗಿಲ್ಲ. ಆಮೇಲೆ ಕ್ಲಬ್ಬಿನ ಹಿಡಿ ಮುಟ್ಟಿ ನೋಡುತ್ತೇನೆ, ಸೆಕೆಂಡ್ ಹ್ಯಾಂಡ್ ಸೆಟ್ಟಾದರೆ ಇನ್ನೂ ಗಮನವಿಟ್ಟು. ಕೈಯನ್ನು ಮುಂದೆ ನಿಂತು ನೋಡುವುದಿಲ್ಲ. ಹಿಂದೆ ನಿಂತು, ಕ್ಲಬ್ ಅಲ್ಲಾಡಿಸುವುದು ಮುಗಿಯುವವರೆಗೆ ಕಾಯುತ್ತೇನೆ. ಹಿಡಿತ ಬದಲಿಸುವ ದಿನವೇ ಹೇಳಿಬಿಡುತ್ತೇನೆ: ನಾಳೆಯಿಂದ ಎರಡು ಮೂರು ವಾರ ನಿಮ್ಮ ಆಟ ಈಗಿನದಕ್ಕಿಂತ ಕೆಡುತ್ತದೆ, ಚೆಂಡು ಈ ಕಡೆ ಹೋಗುತ್ತದೆ, ಹೋದರೆ ನನಗೆ ಫೋನ್ ಮಾಡಿ. ಟೂರ್ನಿ ಹತ್ತಿರ ಇದ್ದರೆ ಹಿಡಿತಕ್ಕೆ ಕೈ ಹಾಕುವುದೇ ಇಲ್ಲ.

ಹಾಗಂತ ಪ್ರತಿ ಸ್ಲೈಸಿಗೂ ಹಿಡಿತವೇ ಕಾರಣ ಅಂತ ತಿಳಿಯಬೇಡಿ. ಅದೇ ಬೇಸಿಗೆಯಲ್ಲಿ ಇನ್ನೊಬ್ಬರು ಬಂದರು. ಈ ಹುಡುಗನ ಕಥೆ ತಲೆಯಲ್ಲಿ ಕೂತಿದ್ದರಿಂದ ನಾನು ನೇರ ಅವರ ಕೈಗೇ ಹೋದೆ. ಅವರ ಕೈ ಚೆನ್ನಾಗೇ ಇತ್ತು, ಚೆಂಡನ್ನು ತೀರಾ ಮುಂದಿಟ್ಟುಕೊಂಡಿದ್ದರು ಅಷ್ಟೇ. ಎಲ್ಲರಿಗೂ ಒಂದೇ ಹಿಡಿತ ಅನ್ನುವುದೂ ಸುಳ್ಳು. ಅಮೆರಿಕದ ಹಳೇ ಚಾಂಪಿಯನ್ ಬೆನ್ ಹೋಗನ್ ಚೆಂಡು ಎಡಕ್ಕೆ ಬಾಗುವ ಕಾಟಕ್ಕೆ ತಮ್ಮ ಹಿಡಿತವನ್ನು ನಾನು ಹೇಳಿದ್ದರ ಉಲ್ಟಾ ದಿಕ್ಕಿಗೆ ತಿರುಗಿಸಿಕೊಂಡು ಗೆದ್ದವರು.

ಹುಡುಗನಿಗೆ ಈಗಲೂ ಪೂರ್ತಿ ಬಿಡುಗಡೆ ಸಿಕ್ಕಿಲ್ಲ. ದ್ರಾಕ್ಷಿ ಕಟಿಂಗ್ ಬಂದರೆ ವಾರಗಟ್ಟಲೆ ಕತ್ತರಿ, ಗುದ್ದಲಿ. ಕೈ ಮತ್ತೆ ತನ್ನ ಹಳೇ ಕಸುಬಿಗೆ ಹೋಗುತ್ತದೆ. ಹೋದ ಸಲ ಕಟಿಂಗ್ ಮುಗಿಸಿ ಬಂದ ದಿನ ಒಂದು ಬುಟ್ಟಿ ಚೆಂಡು ಹೊಡೆದು, ನಾನು ಕೇಳುವ ಮೊದಲೇ ಗ್ಲೌಸ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಬೆಳಕಿಗೆ ಹಿಡಿದು ನೋಡಿದೆ. ತೂತು ಇರಲಿಲ್ಲ. ಅಂಗೈ ಬುಡದಲ್ಲಿ ಚರ್ಮ ಸ್ವಲ್ಪ ಹೊಳೆಯುತ್ತಿತ್ತು.

"ಶುರುವಾಗಿದೆ ಸಾರ್" ಅಂದು, ಬೈಕಿನ ಬ್ಯಾಗಿನಿಂದ ಮೊಳದ ತುಂಡು ತೆಗೆದ.